ಮಣಿಯ ಪುಟವನ್ನು ನಾನು ತಿದ್ದಲಿಲ್ಲ

ಆ ಎರಡು ವಾಕ್ಯಗಳು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನನ್ನ ತಂಗಿಯನ್ನು ನೋಡಲು ಬಂದವರ ಮುಂದೆ ಅವನ್ನು ಗಟ್ಟಿಯಾಗಿ ಓದಿದೆ. ಆಮೇಲೆ, ಅವನ್ನು ತಿದ್ದುವ ಕೆಲಸ ನನ್ನ ಕೈಯಲ್ಲೇ ಇದ್ದಾಗ, ತಿದ್ದದೆ ಬಿಟ್ಟೆ. ತಂಗಿಗೆ ಮದುವೆಯಾಗಲಿಲ್ಲ. ಈಗ ಅವಳೇ ಇಲ್ಲ.

ಇಷ್ಟು ಬರೆದು ಎದ್ದುಹೋಗಿ ಪಾತ್ರೆ ತೊಳೆದೆ. ತೊಳೆದಿಟ್ಟಿದ್ದನ್ನೇ ಇನ್ನೊಂದು ಸಲ ತೊಳೆದೆ. ಮನೆಯೊಳಗೆ ಕೂತರೆ ಹೊರಗೆ ಹೋಗಬೇಕು ಅನ್ನಿಸುತ್ತದೆ, ಹೊರಗೆ ಹೋದರೆ ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುತ್ತೇನೆ. ಮಣಿ ಹೋದಾಗಿನಿಂದ ಹೀಗೇ. ದುಃಖಕ್ಕೆ ಹೀಗಾಗಿದೆ ಎಂದು ಅಕ್ಕಪಕ್ಕದವರು ತಿಳಿದಿದ್ದಾರೆ. ದುಃಖವೂ ಹೌದು — ಆದರೆ ಬರೀ ದುಃಖವಾಗಿದ್ದರೆ ಒಂದು ಕಡೆ ಕೂತು ಅಳಬಹುದಿತ್ತು.

ಅವಳ ಹೆಸರು ರಾಜಮಣಿ. ನನಗಿಂತ ಆರು ವರ್ಷ ಚಿಕ್ಕವಳು. ಸ್ಕೂಲಿಗೆ ಹೋಗುವ ವಯಸ್ಸಿನಿಂದ ಅವಳಿಗೆ ಫಿಟ್ಸ್ ಬರುತ್ತಿತ್ತು. ನಮ್ಮ ಮನೆ ನಂಜನಗೂಡಿನಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಕಲಿತು, ಊರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಅಕ್ಷರ ಜೋಡಿಸುವ ಕೆಲಸಕ್ಕೆ ಸೇರಿದ್ದೆ. ಮದುವೆ ಕಾರ್ಡು, ಬಿಲ್ ಪುಸ್ತಕ, ತಿಥಿಯ ಕಾರ್ಡು. ಅವುಗಳ ನಡುವೆ ಮೇಷ್ಟ್ರ ಪುಸ್ತಕ.

ಮೇಷ್ಟ್ರು ಟಿ. ನರಸೀಪುರದ ಕಡೆಯವರು, ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ನಮ್ಮ ಮೈ ಹೇಗೆ ಕೆಲಸ ಮಾಡುತ್ತದೆ ಎಂದು ಪ್ರಶ್ನೆ-ಉತ್ತರದ ರೀತಿಯಲ್ಲಿ ಒಂದು ಪುಸ್ತಕ ಬರೆದಿದ್ದರು. ‘ಮೈಯೊಳಗಿನ ಊರು’ ಅಂತ ಹೆಸರು. ಜನ ಕರೆಯುತ್ತಿದ್ದದ್ದು ‘ಮೈ ಪುಸ್ತಕ’ ಅಂತ. ಸ್ಕೂಲುಗಳಲ್ಲಿ ಬಹುಮಾನಕ್ಕೆ ಅದನ್ನೇ ಕೊಡುತ್ತಿದ್ದರು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕುತ್ತಿದ್ದರು. ಕ್ಷೌರದಂಗಡಿಯ ಬೆಂಚಿನ ಮೇಲೆ ಹರಿದ ಪೇಪರಿನ ಜೊತೆ ಅದೂ ಬಿದ್ದಿರುತ್ತಿತ್ತು. ಯಾರಿಗಾದರೂ ಹೊಟ್ಟೆ ನೋವೋ ಮೈಯಲ್ಲಿ ಗಂಟೋ ಕಾಣಿಸಿದರೆ, ಡಾಕ್ಟರ ಹತ್ತಿರ ಹೋಗುವ ಮುಂಚೆ ಮೈ ಪುಸ್ತಕ ತೆಗೆದು ನೋಡುವವರಿದ್ದರು. ಅಪ್ಪನಿಗೆ ಓದು ಅಷ್ಟಕ್ಕಷ್ಟೆ. ಆದರೆ ಮಗಳು ಕೆಲಸ ಮಾಡುವ ಪ್ರೆಸ್ಸಿನಲ್ಲಿ ಅಚ್ಚಾದ ಪುಸ್ತಕವೆಂದು ದೇವರ ಪಟದ ಪಕ್ಕದಲ್ಲಿ ಇಟ್ಟಿದ್ದರು.

ಆ ಪುಸ್ತಕದಲ್ಲಿ ತಪ್ಪುಗಳಿದ್ದವು. ಅದು ಮೊದಲು ಗೊತ್ತಾಗಿದ್ದು ಮೇಷ್ಟ್ರಿಗೇ. ಅವರ ಹಳೆಯ ವಿದ್ಯಾರ್ಥಿಯೊಬ್ಬ ಮೈಸೂರಿನಲ್ಲಿ ಡಾಕ್ಟರಾಗಿದ್ದ. ಹೆಮ್ಮೆಯಿಂದ ಒಂದು ಪ್ರತಿ ಕೊಟ್ಟುಬಂದರೆ, ಅವನು ಅದರ ತುಂಬ ಪೆನ್ಸಿಲ್ ಗೀಟು ಹಾಕಿ ವಾಪಸು ಕೊಟ್ಟನಂತೆ. ಆ ದಿನ ಪ್ರೆಸ್ಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತು ಮೇಷ್ಟ್ರು ನಕ್ಕಿದ್ದು ನೆನಪಿದೆ.

“ನಾಗು, ಏನಂದ ಗೊತ್ತಾ ಆ ಪುಣ್ಯಾತ್ಮ? ‘ಸಾರ್, ನೀವು ಹೇಳ್ಕೊಟ್ಟದ್ದು ನಂಬ್ಕೊಂಡು ಹೋಗಿ ಮೊದಲ್ನೇ ವರ್ಷವೇ ಎಲ್ಲರ ಮುಂದೆ ಬೈಸ್ಕೊಂಡೆ, ಈಗ ಪುಸ್ತಕ ಬೇರೆ ಮಾಡಿದ್ದೀರಾ’ ಅಂದ. ಸೀನುವಾಗ ಹೃದಯ ನಿಲ್ಲೋದಿಲ್ವಂತೆ ಕಣಮ್ಮ. ಇಷ್ಟು ವರ್ಷ ನಿಲ್ಲಿಸಿಬಿಟ್ಟಿದ್ದೆ ನಾನು.”

ತಿದ್ದುಪಡಿಗಳನ್ನು ಒಂದು ಪ್ರತಿಯ ಅಂಚಿನಲ್ಲೇ ಬರೆದು ತಂದಿದ್ದರು. ಸೀಬೆಹಣ್ಣಿನ ಬೀಜ ಅಪೆಂಡಿಕ್ಸಿಗೆ ಹೋಗಿ ಕೂರುತ್ತದೆ ಎಂದಿದ್ದದ್ದು ತಪ್ಪು. ಮೈಯಿಂದ ಹೃದಯಕ್ಕೆ ಮರಳುವ ರಕ್ತ ನೀಲಿ ಎಂದಿದ್ದದ್ದು ತಪ್ಪು; ರಕ್ತ ಯಾವಾಗಲೂ ಕೆಂಪೇ. ನಾಲಿಗೆಯ ತುದಿಗೆ ಸಿಹಿ, ಹಿಂಭಾಗಕ್ಕೆ ಕಹಿ ಎಂದು ಚಿತ್ರ ಬರೆದು ತೋರಿಸಿದ್ದದ್ದು ತಪ್ಪು. ಸತ್ತ ಮೇಲೂ ಉಗುರು ಬೆಳೆಯುತ್ತದೆ ಎಂದಿದ್ದದ್ದು ತಪ್ಪು. ಮತ್ತು ಮೂರ್ಛೆರೋಗದ ಪುಟ.

ಆ ಪುಟ ನನಗೆ ಬಾಯಿಗೆ ಬರುತ್ತಿತ್ತು. “ಮೂರ್ಛೆರೋಗವು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಆದ್ದರಿಂದ ಈ ರೋಗವುಳ್ಳ ಹೆಣ್ಣುಮಕ್ಕಳಿಗೆ ಮದುವೆ ಮಾಡುವುದು ಸೂಕ್ತವಲ್ಲ.” ಮೇಷ್ಟ್ರು ಅದರ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: “ಮೂರ್ಛೆರೋಗ ಇರುವವರಲ್ಲಿ ಹೆಚ್ಚಿನವರ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ ಬಹಳ ಮಂದಿಗೆ ಇದು ಹತೋಟಿಗೆ ಬರುತ್ತದೆ. ಅವರು ಮದುವೆಯಾಗಬಹುದು, ಮಕ್ಕಳನ್ನು ಪಡೆಯಬಹುದು.”

ಆ ಮೂರು ವಾಕ್ಯಗಳನ್ನು ನಾನೇ ಟೈಪ್ ಮಾಡಿದೆ. ಟೈಪ್ ಮಾಡಿ, ತಪ್ಪಿದೆಯೇ ಎಂದು ನೋಡಲು ಇನ್ನೊಮ್ಮೆ ಓದಿದೆ. ಹಾಗಾಗಿ ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಅದೇ ದಿನಗಳಲ್ಲಿ ಸೋಮಣ್ಣನ ಮನೆಯಿಂದ ಮಾತು ಬಂದಿತ್ತು.

ಸೋಮಣ್ಣ ನರಸೀಪುರದಲ್ಲಿ ಪಂಪ್‌ಸೆಟ್ ಮೋಟರು ರಿಪೇರಿ ಮಾಡುತ್ತಿದ್ದ ಹುಡುಗ. ಮಣಿಯನ್ನು ಅವನು ಮೊದಲು ನೋಡಿದ್ದು ಬಸ್ಸಿನಲ್ಲಿ, ಅದೂ ಅವಳಿಗೆ ಫಿಟ್ಸ್ ಬಂದಿದ್ದಾಗ. ನಾವಿಬ್ಬರೂ ನರಸೀಪುರದ ದೊಡ್ಡಮ್ಮನ ಮನೆಗೆ ಹೊರಟಿದ್ದೆವು. ದಾರಿಯಲ್ಲಿ ಮಣಿ ಸೀಟಿನಿಂದ ಜಾರಿ ಕೆಳಗೆ ಬಿದ್ದಳು. ಬಸ್ಸಿನವರೆಲ್ಲ ಎದ್ದು ನಿಂತು “ಕಬ್ಬಿಣ ಕೊಡ್ರಪ್ಪ, ಬೀಗದ ಕೈ ಕೊಡ್ರಪ್ಪ” ಎಂದು ಕೂಗುತ್ತಿದ್ದರು. ಯಾರೋ ಅವಳ ಮೂಗಿಗೆ ಚಪ್ಪಲಿ ಹಿಡಿಯಲು ಬಂದರು. ನಾನು ಮುದುರಿಕೊಂಡ ಅವಳ ಬೆರಳುಗಳನ್ನು ಬಿಡಿಸಿ ಕಂಡಕ್ಟರ್ ಕೊಟ್ಟ ಬೀಗದ ಕೈಯನ್ನು ತುರುಕುತ್ತಿದ್ದೆ. ಸೋಮಣ್ಣ ಮಾತ್ರ ಹೆಗಲ ಮೇಲಿನ ಟವೆಲ್ ಮಡಿಸಿ ಅವಳ ತಲೆಯಡಿ ಇಟ್ಟು, ಅವಳನ್ನು ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, “ಗಾಳಿ ಬುಡ್ರಯ್ಯ, ನಿಮ್ಗೇನ್ ಸಿನಿಮಾನಾ” ಎಂದು ಬೈದ. ಅವಳಿಗೆ ಎಚ್ಚರ ಬಂದಾಗ ಸೀರೆ ಸರಿಪಡಿಸಿಕೊಳ್ಳಲಿ ಎಂದು ಮುಖ ಆ ಕಡೆ ತಿರುಗಿಸಿ ನಿಂತ. ಅದನ್ನು ನಾನು ನೋಡಿದೆ. ಒಳ್ಳೆಯ ಹುಡುಗ ಎಂದು ಆವತ್ತೇ ನನಗೆ ಗೊತ್ತಾಗಿತ್ತು — ಇದನ್ನೂ ಬರೆಯಲೇಬೇಕು.

ಕೆಲವು ವಾರದ ಮೇಲೆ ದೊಡ್ಡಮ್ಮನ ಮೂಲಕ ಕೇಳಿಸಿದ. ಎಲ್ಲ ನೋಡಿಯೇ ಕೇಳುತ್ತಿದ್ದಾನೆ ಎಂದು ಅಪ್ಪನಿಗೆ ಕಣ್ಣಲ್ಲಿ ನೀರು ಬಂತು. ಮಣಿ ಆ ದಿನದಿಂದ ತಲೆ ಬಾಚಿಕೊಳ್ಳುವಾಗ ಹಾಡು ಗುನುಗತೊಡಗಿದಳು.

ನಾನು? ನಾನು ಲೆಕ್ಕ ಹಾಕುತ್ತಿದ್ದೆ. ಗಂಡ ಲಾರಿ ಓಡಿಸುತ್ತಿದ್ದರು, ಮನೆಯಲ್ಲಿ ಇರುತ್ತಿದ್ದದ್ದೇ ಅಪರೂಪ; ಹಾಗಾಗಿ ಮದುವೆಯಾದ ಮೇಲೂ ನಾನು ತವರಿನಲ್ಲೇ ಇದ್ದೆ. ನನ್ನ ಮಗ ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದ, ಮಗಳು ಹಾಲು ಕುಡಿಯುವ ಕೂಸು. ಅವ್ವನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಗಿತ್ತು. ಬೆಳಿಗ್ಗೆ ನಾನು ಪ್ರೆಸ್ಸಿಗೆ ಹೊರಟರೆ ಅವ್ವನನ್ನು ಎತ್ತಿ ಕೂರಿಸಿ ಒರೆಸುವವಳು ಮಣಿ. ಕೂಸಿಗೆ ರಾಗಿ ಸರಿ ತಿನ್ನಿಸುವವಳು ಮಣಿ. ಅವಳು ಹೋದರೆ ನಾನು ಕೆಲಸ ಬಿಡಬೇಕಾಗಿತ್ತು. ನನಗೆ ಆ ಕೆಲಸ ಇಷ್ಟವಾಗಿತ್ತು. ನನ್ನ ಮೇಜು, ನನ್ನ ಕುರ್ಚಿ, ‘ನಾಗು ನೋಡಿದ್ಮೇಲೆ ತಪ್ಪಿರಲ್ಲ’ ಎಂದು ಮೇಷ್ಟ್ರು ಹೇಳುವ ಮಾತು. ಮಣಿಯ ಮೇಲೆ ನನಗೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಅವಳಿಗೆ ಕೆಟ್ಟದಾಗಲಿ ಎಂದು ಒಂದು ದಿನವೂ ಬಯಸಲಿಲ್ಲ. ಅವಳು ಇದ್ದಲ್ಲೇ ಇರಲಿ ಎಂದು ಬಯಸಿದೆ, ಅಷ್ಟೆ. ಅಷ್ಟೆ ಎಂದು ಬರೆದೆ, ನೋಡಿ. ಅದು ಅಷ್ಟೆ ಅಲ್ಲ.

ಒಂದು ಭಾನುವಾರ ಅವರು ಬಂದರು. ಸೋಮಣ್ಣ, ಅವನ ತಾಯಿ, ಸೋದರಮಾವ. ಮಣಿ ಉಪ್ಪಿಟ್ಟು, ಕೇಸರಿಬಾತು ಮಾಡಿದ್ದಳು. ಮಾವ ಎರಡು ಸಲ ಕೇಸರಿಬಾತು ಹಾಕಿಸಿಕೊಂಡು, ಕೈ ತೊಳೆದು, ಗೋಡೆಗೆ ಒರಗಿ ಕೂತು ಮಾತು ತೆಗೆದರು.

“ನಮ್ ಉಡ್ಗ ಮೋಟ್ರು ಕೆಟ್ರೆ ಬಿಚ್ಚಿ ಸರಿ ಮಾಡ್ತಾನೆ ಕಣಪ್ಪ. ಎಣ್ಣು ಕೆಟ್ರೆ ಯಾರ್ ತಾವ ತಕಂಡ್ ಓಗಾದು?”

“ಸುಮ್ನಿರು ಮಾವ,” ಎಂದ ಸೋಮಣ್ಣ.

“ನಾನೇನ್ಲಾ ಅಂದೆ? ನಿನ್ಗೆ ಎಣ್ಣು ಬೇಕು, ನಿಮ್ಮವ್ವನ್ಗೆ ಮೊಮ್ಮಕ್ಕಳು ಬೇಕು. ಮಕ್ಳಿಗೂ ಇದು ಬತ್ತದಾ ಇಲ್ವಾ, ಅದೊಂದ್ ತಿಳ್ಕಬೇಕಲ್ವಾ.”

ಅಪ್ಪನ ಮುಖ ಅರಳಿತು. ಅಂಥ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಇದೆಯೆಂದು ಅವರಿಗೆ ಹೆಮ್ಮೆ. “ನಮ್ ದೊಡ್ಡೋಳು ಪುಸ್ತಕ ಅಚ್ಚಾಕೋಳು. ಮೇಷ್ಟ್ರು ಬರ್ದಿರಾದು, ಅದ್ರಲ್ಲಿ ಎಲ್ಲಾ ಅದೆ. ನಾಗಿ, ತಕಂಡ್ ಬಾವ್ವ. ಏನದೆ ಓದಿ ಏಳು.”

ಪುಸ್ತಕದಲ್ಲಿ ಏನಿದೆಯೆಂದು ಅಪ್ಪನಿಗೆ ಗೊತ್ತಿರಲಿಲ್ಲ. ಆ ಪುಟವನ್ನು ನಾನು ಯಾವತ್ತೂ ಅವರಿಗೆ ಓದಿ ಹೇಳಿರಲಿಲ್ಲ, ನೊಂದುಕೊಳ್ಳುತ್ತಾರೆಂದು. ಮಣಿಗೆ ಗೊತ್ತಿತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

ನಾನು ದೇವರ ಪಟದ ಪಕ್ಕದಿಂದ ಪುಸ್ತಕ ತೆಗೆದೆ. ಆಗ ಒಂದು ಮಾತು ಸಾಕಿತ್ತು. ‘ಇದರಲ್ಲಿ ಇರುವುದು ತಪ್ಪಂತೆ, ಮೇಷ್ಟ್ರೇ ತಿದ್ದಿದ್ದಾರೆ, ಹೊಸದು ಅಚ್ಚಿಗೆ ಹೋಗುತ್ತಿದೆ’ — ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಪುಟ ತಿರುಗಿಸುವಷ್ಟು ಹೊತ್ತೂ ಬೇಡ. ಒಳಕೋಣೆಯಿಂದ ಕೂಸು ಅಳುವುದು ಕೇಳಿಸಿತು. ಅವ್ವ ಮಂಚದ ಮೇಲಿಂದ “ಮಣೀ, ಮಣೀ” ಎಂದು ಕರೆದರು, ನೀರಿಗೋ ಏತಕ್ಕೋ. ನಾನು ಓದಿದೆ. ಎರಡೂ ವಾಕ್ಯಗಳನ್ನು ಪೂರ್ತಿ, ತಡವರಿಸದೆ, ಪ್ರೆಸ್ಸಿನಲ್ಲಿ ಪ್ರೂಫ್ ಓದುವ ದನಿಯಲ್ಲಿ.

ಸೋಮಣ್ಣ ನನ್ನ ಕಡೆ ತಿರುಗಿ ಕೇಳಿದ: “ಅಕ್ಕಾ, ನೀವು ತಿಳ್ದೋರು. ಇದು ನಿಜ ಏನಕ್ಕಾ?”

“ಪುಸ್ತಕದಲ್ಲಿ ಬರ್ದಿರೋದು ಇದೇ,” ಎಂದೆ.

ನಿಜ ಎಂದು ಹೇಳಲಿಲ್ಲ. ಎಷ್ಟೋ ವರ್ಷ ನಾನು ಇದನ್ನೇ ಹಿಡಿದುಕೊಂಡಿದ್ದೆ — ನಿಜ ಎಂದು ನಾನು ಹೇಳಲಿಲ್ಲವಲ್ಲ, ಬರೆದಿರುವುದು ಇದೇ ಎಂದೆ, ಅದು ಸುಳ್ಳಲ್ಲವಲ್ಲ. ಹೀಗೆ ಯೋಚಿಸಲು ಬರುವವರಿಗೆ ಏನು ಬೇಕಾದರೂ ಮಾಡಲು ಬರುತ್ತದೆ.

ಮಾವ ಎದ್ದು ಪಂಚೆ ಕೊಡವಿದರು. “ತಿಂದದ್ದು ಚೆನ್ನಾಗಿತ್ತು ಕಣವ್ವ,” ಎಂದು ಮಣಿಯ ಕಡೆ ನೋಡದೆ ಹೇಳಿದರು. ಸೋಮಣ್ಣನ ತಾಯಿ ಹೊಸಿಲಲ್ಲಿ ಒಂದು ಗಳಿಗೆ ನಿಂತು ಮಣಿಯ ಗಲ್ಲ ಸವರಿ ಹೋದರು. ಅವರು ಹೋದ ಮೇಲೆ ಮಣಿ ಅವ್ವನಿಗೆ ನೀರು ಕುಡಿಸಿ, ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಇಲ್ಲಿಗೇ ನಿಂತಿದ್ದರೆ ಒಂದು ತಪ್ಪಾಗುತ್ತಿತ್ತು. ಅದನ್ನು ಮುಚ್ಚಲು ಎರಡನೆಯದನ್ನು ಮಾಡಿದೆ.

ಆಗೆಲ್ಲ ಪುಟಗಳನ್ನು ಬಟರ್ ಪೇಪರ್ ಮೇಲೆ ಪ್ರಿಂಟ್ ತೆಗೆದು ಅದರಿಂದ ಅಚ್ಚಿನ ಪ್ಲೇಟ್ ಮಾಡುತ್ತಿದ್ದರು. ಹಳೆಯ ಪುಸ್ತಕ ಮತ್ತೆ ಅಚ್ಚಿಗೆ ಬಂದರೆ ಖರ್ಚು ಉಳಿಸಲು ತಿದ್ದಿದ ಸಾಲುಗಳನ್ನಷ್ಟೇ ಬೇರೆಯಾಗಿ ತೆಗೆಯುವುದು. ಹಳೆಯ ಸಾಲನ್ನು ಬ್ಲೇಡಿನಿಂದ ಕೊಯ್ದು, ಆ ಜಾಗಕ್ಕೆ ಹೊಸ ಸಾಲಿರುವ ಕಾಗದದ ಪಟ್ಟಿಯನ್ನು ಅಂಟಿಸುವುದು. ಮೇಷ್ಟ್ರು ನೋಡಿ ಸಹಿ ಹಾಕಿದ್ದು ಪಟ್ಟಿಗಳ ಪ್ರೂಫಿಗೆ. ಅಂಟಿಸುವವಳು ನಾನೊಬ್ಬಳೇ. ಹೃದಯದ ಪಟ್ಟಿ ಅಂಟಿಸಿದೆ. ಸೀಬೆ ಬೀಜದ ಪಟ್ಟಿ, ಉಗುರಿನ ಪಟ್ಟಿ, ರಕ್ತದ ಪಟ್ಟಿ ಅಂಟಿಸಿದೆ. ಮೂರ್ಛೆರೋಗದ ಪಟ್ಟಿ ಬಂದಾಗ ಅದನ್ನು ಮಡಚಿ, ಕತ್ತರಿಸಿದ ಚೂರುಗಳ ಜೊತೆ ಕಸದ ಬುಟ್ಟಿಗೆ ಹಾಕಿದೆ. ಹೊಸ ಪುಸ್ತಕ ನರಸೀಪುರಕ್ಕೂ ಹೋಗುತ್ತದೆ, ಸೋಮಣ್ಣ ನೋಡಬಹುದು, ಅಪ್ಪ ಯಾರ ಕೈಯಲ್ಲಾದರೂ ಓದಿಸಬಹುದು — ಅದೇ ಭಯ. ಆ ಪುಟವನ್ನು ಇನ್ನೆಷ್ಟು ಮನೆಗಳಲ್ಲಿ, ಇನ್ನೆಂಥ ಹೆಣ್ಣುಮಕ್ಕಳ ಮುಂದೆ ಓದುತ್ತಾರೆ ಎಂದು ನಾನು ಯೋಚಿಸಲಿಲ್ಲ. ಇಲ್ಲ, ಯೋಚಿಸಿದೆ. ಯೋಚಿಸಿ ಬ್ಲೇಡನ್ನು ಕೆಳಗಿಟ್ಟೆ.

ಪುಸ್ತಕ ಬಂದ ಮೇಲೆ ಮೇಷ್ಟ್ರು ಒಂದು ದಿನ ಆ ಪುಟ ಹಿಡಿದುಕೊಂಡೇ ಬಂದರು. ಆಗ ಅವರ ಕಣ್ಣಿಗೆ ಪೊರೆ ಬಂದಿತ್ತು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು.

“ಇಲ್ಲಿ ಹಳೇದೇ ಉಳ್ಕೊಂಡಿದೆಯಲ್ಲ ನಾಗು. ನಾನು ಗುರುತು ಹಾಕೋದು ಮರೆತೆ ಅಂತ ಕಾಣುತ್ತೆ. ಹಾಕಿದ್ದೆ ಅನ್ನೋ ಹಾಗೇ ನೆನಪಿತ್ತು. ನೋಡು, ವಯಸ್ಸಾಯ್ತು.”

“ಮುಂದಿನ ಸಲ ಹಾಕೋಣ ಮೇಷ್ಟ್ರೇ,” ಎಂದೆ.

“ಹಾಕಮ್ಮ. ಎಂಥ ಮಾತು ಬರೆದಿದ್ದೀನಿ ನೋಡು. ನಿಮ್ಮನೇಲೂ ಆ ಮಗು ಇದೆ ಅಲ್ವಾ,” ಎಂದು ನನ್ನ ತಲೆ ಸವರಿದರು. ಅವರು ನನ್ನಲ್ಲಿ ಕ್ಷಮೆ ಕೇಳುತ್ತಿದ್ದರು. ನಾನು ಕೇಳಿಸಿಕೊಂಡೆ.

ಮುಂದಿನ ಸಲ ಅನ್ನುವುದು ಅವರು ತೀರಿಹೋದ ಮೇಲೆ ಬಂತು. ಅವರ ಮಗಳು ಪ್ರೆಸ್ಸಿಗೆ ಬಂದು, ಅಪ್ಪ ಬರೆದದ್ದರಲ್ಲಿ ಒಂದಕ್ಷರವನ್ನೂ ಬದಲಾಯಿಸಕೂಡದು ಎಂದರು. ನಾನು ತಲೆಯಾಡಿಸಿದೆ.

ಇನ್ನು ಮಣಿ. ಇದನ್ನು ಬರೆಯುವ ಮುಂಚೆ ಎದ್ದು ಬೀದಿಯ ಕೊನೆಯವರೆಗೂ ಹೋಗಿಬಂದೆ.

ಹೊಸ ಪುಸ್ತಕವನ್ನು ನಾನು ಮನೆಗೆ ತಂದಿರಲಿಲ್ಲ. ಪಕ್ಕದ ಮನೆಯ ಹುಡುಗಿಗೆ ಸ್ಕೂಲಿನಲ್ಲಿ ಬಹುಮಾನ ಬಂದಿತ್ತು. ಮಣಿ ಅವಳಿಂದ ಇಸಿದುಕೊಂಡು, ಹಳೆಯದನ್ನೂ ಹೊಸದನ್ನೂ ತೊಡೆಯ ಮೇಲೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ತಾಳೆ ನೋಡಿದ್ದಾಳೆ. ನಾನು ಕೆಲಸದಿಂದ ಬಂದು ಒಲೆ ಹಚ್ಚಿದ್ದೆ.

“ಅಕ್ಕ, ಸೀನಿದ್ರೆ ಎದೆ ನಿಲ್ಲಲ್ವಂತಲ್ಲ ಈಗ. ರಕ್ತಾನೂ ಕೆಂಪು ಮಾಡ್ಬುಟ್ಟವ್ರೆ ನಿಮ್ ಮೇಷ್ಟ್ರು,” ಎಂದು ನಗುತ್ತಾ ಒಳಗೆ ಬಂದಳು. ಆಮೇಲೆ, ಸ್ವಲ್ಪ ತಡೆದು: “ತಪ್ಪೆಲ್ಲ ಹುಡುಕಿ ಹುಡುಕಿ ತಿದ್ದವ್ರೆ. ನಂದು ಮಾತ್ರ ಹಂಗೇ ಅದೆ.”

ನಾನು ಒಲೆಯ ಕಡೆ ತಿರುಗಿಯೇ ಇದ್ದೆ.

“ಅಂದ್ರೆ ಅದು ತಪ್ಪಲ್ಲ ಅಂತಾಯ್ತು, ಅಲ್ವಾ ಅಕ್ಕ?”

ಸಾರು ಉಕ್ಕುತ್ತಿತ್ತು. ಇಳಿಸಿದೆ. ಅವಳು ಪುಸ್ತಕ ವಾಪಸು ಕೊಟ್ಟುಬರಲು ಹೋದಳು.

ಅಲ್ಲಿಯವರೆಗೆ ಅವಳಿಗೆ ಒಂದು ಆಸೆ ಉಳಿದಿತ್ತು — ಪುಸ್ತಕದಲ್ಲಿರುವುದು ತಪ್ಪಿರಬಹುದು ಎಂಬ ಆಸೆ. ಸುತ್ತಲಿನ ತಪ್ಪುಗಳನ್ನೆಲ್ಲ ತಿದ್ದಿ ಅದೊಂದನ್ನು ಬಿಟ್ಟದ್ದರಿಂದ, ಮೊದಲು ಬರೀ ತಪ್ಪಾಗಿದ್ದದ್ದನ್ನು ನಾನು ಸತ್ಯ ಮಾಡಿಕೊಟ್ಟೆ. ಆಮೇಲೆ ಅವಳು ಮದುವೆಯ ಮಾತೆತ್ತಿದವರಿಗೆಲ್ಲ ತಾನೇ ಬೇಡ ಎಂದಳು.

ಅವಳಿಗೆ ಮಾತ್ರೆ ಕೊಡಿಸಿದ್ದು ನಾನೇ. ಮೇಷ್ಟ್ರ ತಿದ್ದುಪಡಿಯಲ್ಲಿ ಓದಿದ್ದೆನಲ್ಲ, ತಪ್ಪದೆ ತೆಗೆದುಕೊಂಡರೆ ಹತೋಟಿಗೆ ಬರುತ್ತದೆ ಎಂದು. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳ್ಳೆಯದನ್ನು ಮಾಡಿದೆ ಎಂದುಕೊಳ್ಳಬೇಡಿ. ಕೂಸನ್ನು ಎತ್ತಿಕೊಂಡಿರುವಾಗ ಅವಳಿಗೆ ಫಿಟ್ಸ್ ಬಂದರೆ ಎಂಬ ಭಯಕ್ಕೆ ಕರೆದುಕೊಂಡು ಹೋದದ್ದು. ಮೊದಲು ಅಪರೂಪವಾಯಿತು, ಆಮೇಲೆ ನಿಂತೇ ಹೋಯಿತು. ಅಂಚಿನಲ್ಲಿ ಬರೆದಿದ್ದದ್ದು ನಿಜವೆಂದು ನನ್ನ ಕಣ್ಣ ಮುಂದೆಯೇ ವರ್ಷ ವರ್ಷವೂ ಸಾಬೀತಾಗುತ್ತಿತ್ತು. ಮಕ್ಕಳು ಬೆಳೆದರು. ಅವ್ವ ಹೋದರು, ಅಪ್ಪ ಹೋದರು, ಕಡೆಗೆ ನನ್ನ ಗಂಡನೂ ಹೋದರು. ಎಲ್ಲರಿಗೂ ಕೊನೆಯ ನೀರು ಬಿಟ್ಟವಳು ಮಣಿ. ಹೇಳಲು ಎಷ್ಟೊಂದು ದಿನಗಳಿದ್ದವು. ಇಬ್ಬರೇ ಕೂತು ಅವರೆಕಾಯಿ ಸುಲಿಯುತ್ತಿದ್ದ ಸಂಜೆಗಳಿದ್ದವು. ಒಂದೆರಡು ಸಲ ‘ಮಣಿ’ ಎಂದು ಶುರುಮಾಡಿ, ಅವಳು ತಲೆಯೆತ್ತಿದಾಗ ‘ಉಪ್ಪು ಹಾಕಿದ್ಯಾ’ ಎಂದು ಕೇಳಿದ್ದೇನೆ.

ಈ ಮಳೆಗಾಲದ ಕೊನೆಗೆ ಅವಳಿಗೆ ಡೆಂಗೂ ಜ್ವರ ಬಂತು. ನಂಜನಗೂಡಿನಿಂದ ಮೈಸೂರಿಗೆ ಕಳಿಸಿದರು. ವಾರ್ಡಿನಲ್ಲಿ ಒಬ್ಬ ಎಳೆ ವಯಸ್ಸಿನ ಡಾಕ್ಟರಮ್ಮ ಬಂದು ಹಳೆಯ ಕಾಯಿಲೆಗಳನ್ನೆಲ್ಲ ಕೇಳಿ ಬರೆದುಕೊಂಡರು. ಫಿಟ್ಸ್ ಇತ್ತು, ಎಷ್ಟೋ ವರ್ಷದಿಂದ ಬಂದಿಲ್ಲ ಎಂದೆ.

“ಮಕ್ಕಳೆಷ್ಟು?”

“ಮದ್ವೆ ಆಗಿಲ್ಲ,” ಎಂದಳು ಮಣಿ. ಜ್ವರದಲ್ಲೂ ಸಣ್ಣಗೆ ನಕ್ಕಳು. “ಫಿಟ್ಸ್ ಇರೋರು ಆಗ್ಬಾರ್ದು ಅಂತ ಪುಸ್ತಕದಲ್ಲಿ ಬರ್ದಿತ್ತು ಡಾಕ್ಟ್ರೇ.”

“ಯಾವ ಪುಸ್ತಕದಲ್ಲಮ್ಮ? ಹಾಗೇನಿಲ್ಲ. ಎಷ್ಟೊಂದು ಜನ ಆಗ್ತಾರೆ, ಮಕ್ಕಳೂ ಆಗ್ತವೆ. ನಿಮಗೆ ಯಾರೂ ಹೇಳಲಿಲ್ವಾ?” ಎಂದು ಆಕೆ ಮುಂದಿನ ಮಂಚಕ್ಕೆ ಹೋದರು.

ಮಣಿ ತಲೆ ಹೊರಳಿಸಿದಳು. ನನ್ನ ಕಡೆ ನೋಡಿದಳೋ, ನನ್ನ ಹಿಂದೆ ತೂಗುತ್ತಿದ್ದ ಡ್ರಿಪ್ ಬಾಟಲಿಯ ಕಡೆ ನೋಡಿದಳೋ — ಇವತ್ತಿಗೂ ಗೊತ್ತಿಲ್ಲ. ಬಹಳ ಹೊತ್ತು ನೋಡಿದಳು. ನಾನು ಹೊದಿಕೆ ಸರಿಮಾಡಿದೆ. “ನೀರು ಬೇಕಾ?” ಎಂದೆ. ಬೇಡ ಎಂದು ಕಣ್ಣು ಮುಚ್ಚಿದಳು. ಆಮೇಲೆ ಜ್ವರ ನೆತ್ತಿಗೇರಿತು, ಐಸಿಯುಗೆ ಹಾಕಿದರು. ಅವಳು ಮತ್ತೆ ಮಾತಾಡಲಿಲ್ಲ. ಅವಳಿಗೆ ಅರ್ಥವಾಗಿತ್ತೋ? ಅರ್ಥವಾಗಿದ್ದರೆ ಏನು ಹೇಳುತ್ತಿದ್ದಳು? ನನ್ನನ್ನು ಕೂರಲು ಬಿಡದೆ ಮನೆಯ ಒಳಗೂ ಹೊರಗೂ ಓಡಾಡಿಸುತ್ತಿರುವುದು ಇದೇ.

ಹನ್ನೊಂದನೇ ದಿನದ ಕಾರ್ಯಕ್ಕೆ ಸೋಮಣ್ಣ ಬಂದಿದ್ದ. ಯಾರು ಹೇಳಿದರೋ. ತಲೆ ಪೂರ್ತಿ ನೆರೆತಿದೆ. ಅವಳ ಫೋಟೋ ಮುಂದೆ ಊದುಬತ್ತಿ ಹಚ್ಚಿ, ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ನಾನೂ ಆವತ್ತು ಪುಸ್ತಕ ನಂಬ್ಬುಟ್ಟೆ ಅಕ್ಕಾ. ಯಾರಾದ್ರೂ ಡಾಕ್ಟರ್ ತಾವ ಕೇಳ್ಬೇಕಿತ್ತು. ಚಿಕ್ ವಯಸ್ಸು, ಮಾವನ್ ಮಾತು ಮೀರಕ್ ಆಗ್ನಿಲ್ಲ. ನಂದೇ ತಪ್ಪು.”

ಮೇಷ್ಟ್ರು ತಮ್ಮದೇ ತಪ್ಪೆಂದರು. ಇವನು ತನ್ನದೇ ತಪ್ಪೆಂದ. ಇಬ್ಬರೂ ಬಂದು ಹೇಳಿದ್ದು ನನ್ನ ಹತ್ತಿರವೇ.

ಮೇಷ್ಟ್ರ ಮಗಳಿಗೆ ಫೋನ್ ಮಾಡಿದೆ. ಪುಸ್ತಕ ಈಗಲೂ ಅಚ್ಚಾಗುತ್ತಿದೆ. ಆ ಪುಟವನ್ನು ನಿಮ್ಮ ತಂದೆಯವರೇ ತಿದ್ದಿದ್ದರು ಎಂದೆ. “ತಿದ್ದಿದ್ದರೆ ಪುಸ್ತಕದಲ್ಲಿ ಯಾಕೆ ಬರಲಿಲ್ಲ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆಗಲೂ ತಪ್ಪಿಸಿಕೊಂಡೆ. ಸಿಗ್ನಲ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ಅಮ್ಮ, ಅದಕ್ಕೆ ಉತ್ತರ ಈ ಬರಹ. ನಿಮ್ಮ ತಂದೆ ಮರೆಯಲಿಲ್ಲ. ಗುರುತು ಹಾಕಿದ್ದರು, ಪ್ರೂಫ್ ನೋಡಿದ್ದರು, ಸಹಿ ಹಾಕಿದ್ದರು. ಕಸಕ್ಕೆ ಹಾಕಿದವಳು ನಾನು.

ಮತ್ತು ಆ ಪುಸ್ತಕ ಮನೆಯಲ್ಲಿರುವವರೇ, ಆ ಎರಡು ವಾಕ್ಯಗಳನ್ನು ಹೊಡೆದುಹಾಕಿ. ಮೂರ್ಛೆರೋಗ ಇರುವವರು ಮದುವೆಯಾಗಬಹುದು. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು, ಬಸುರಿಯಾಗುವ ಯೋಚನೆ ಇದ್ದರೆ ಮುಂಚೆಯೇ ಕೇಳಬೇಕು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಬೇಡ, ಮೂಗಿಗೆ ಈರುಳ್ಳಿ, ಚಪ್ಪಲಿ ಬೇಡ, ಹಲ್ಲಿನ ನಡುವೆ ಚಮಚ ಬೇಡ, ಅದುಮಿ ಹಿಡಿಯುವುದೂ ಬೇಡ. ತಲೆಯಡಿ ಮೆತ್ತಗೆ ಏನಾದರೂ ಇಟ್ಟು ಮಗ್ಗುಲಿಗೆ ತಿರುಗಿಸಿ. ಐದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಳೆದ ವಾರ ನರಸೀಪುರಕ್ಕೆ ಹೋದೆ. ಸೋಮಣ್ಣನ ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಬಿಚ್ಚಿದ ಮೋಟರಿನ ಮುಂದೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ. ಸ್ಟೂಲು ಒರೆಸಿ ಕೊಟ್ಟ. ಕೂರದೆ, ನಿಂತುಕೊಂಡೇ ಎಲ್ಲ ಹೇಳಿದೆ. ತಿದ್ದುಪಡಿ ಮೊದಲೇ ಬಂದಿತ್ತು, ನಾನೇ ಟೈಪ್ ಮಾಡಿದ್ದೆ, ಗೊತ್ತಿದ್ದೇ ಓದಿದೆ. ಅವನ ಕೈ ನಿಂತಿತು.

“ತಪ್ಪೆಲ್ಲಾ ಪುಸ್ತಕದ್ ಮೇಲೆ ಆಕಿ ಸುಮ್ನಾಗಿದ್ದೆ ನಾನು. ಈಗ ಬಂದು ಇಂಗ್ ಏಳ್ತಿದ್ದೀರಿ,” ಎಂದ.

ನಾನು ಸ್ಟೂಲನ್ನು ಪಕ್ಕಕ್ಕೆ ಸರಿಸಿದೆ.

“ನನ್ ಎಂಡ್ತಿ ಒಳ್ಳೇಳು. ಮಕ್ಳೂ ಒಳ್ಳೇವು. ನನ್ಗೇನೂ ಕಮ್ಮಿ ಆಗ್ನಿಲ್ಲ.” ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. “ಅವ್ಳು ಏನ್ ಮಾಡ್ಕಂಡಿದ್ಲು ಇಷ್ಟ್ ವರ್ಸ?”

“ನನ್ನ ಮಕ್ಕಳನ್ನ ಸಾಕಿದ್ಲು.”

ಅವನು ತಲೆಯೆತ್ತಿ ನನ್ನನ್ನು ನೋಡಿದ. “ಅದ್ಕೇ ಇಟ್ಕಂಡ್ರಾ ಅಕ್ಕಾ?”

“ಹೂಂ,” ಎಂದೆ.

ಅವನು ಬೈಯಲಿಲ್ಲ. ಮತ್ತೆ ತಂತಿ ಸುತ್ತತೊಡಗಿದ. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಈ ಭಾನುವಾರ ನನ್ನ ಮಕ್ಕಳು ಬರುತ್ತಾರೆ, ಮಗಳು ತಾಂಡವಪುರದಿಂದ, ಮಗ ಮೈಸೂರಿನಿಂದ. ಚಿಕ್ಕಿಗೆ ಇಷ್ಟವಾದದ್ದನ್ನೇ ಮಾಡಿ ಎಡೆ ಇಡೋಣ ಎಂದು ಮಗಳು ಫೋನಿನಲ್ಲಿ ಅತ್ತಳು. ನನ್ನನ್ನು ಅವ್ವ ಎನ್ನುವ ಮೊದಲೇ ಮಣಿಯನ್ನು ಚಿಕ್ಕಿ ಎಂದವಳು ಅವಳು. ತಮ್ಮನ್ನು ಸಾಕಿದವಳು ಯಾಕೆ ಈ ಮನೆಯಲ್ಲೇ ಉಳಿದಳು ಎಂದು ಇಬ್ಬರಿಗೂ ಗೊತ್ತಿಲ್ಲ. ಈ ಬರಹ ಬೇರೆಯವರ ಕೈಗೆ ಹೋಗುವ ಮುಂಚೆ ಅವರು ನನ್ನ ಬಾಯಿಂದ ಕೇಳಬೇಕು. ಊಟಕ್ಕೆ ಮುಂಚೆಯೇ ಹೇಳುತ್ತೇನೆ. ಊಟವಾಗಲಿ ಎಂದುಕೊಂಡರೆ ಮತ್ತೆ ಸುಮ್ಮನಾಗಿಬಿಡುತ್ತೇನೆ, ನನಗೆ ಗೊತ್ತು. ಕೇಳಿದ ಮೇಲೆ ಅವರು ಎಲೆಯ ಮುಂದೆ ಕೂರದೆ ಎದ್ದುಹೋದರೆ, ತಡೆಯುವುದಿಲ್ಲ.